ಸ್ವೀಡನ್ನಿನ ಹಳೆಯ ಚರ್ಚ್ ಮರಣ ದಫ್ತರುಗಳನ್ನು ಓದುವ ಬಗೆ

ಕುಟುಂಬದ ಮೂಲವನ್ನು ಹುಡುಕುವವರು ಸಾಮಾನ್ಯವಾಗಿ ಜ್ಞಾನಸ್ನಾನದ ದಫ್ತರಿನಿಂದ ಆರಂಭಿಸಿ ವಿವಾಹದ ದಫ್ತರಿನಲ್ಲಿ ನಿಲ್ಲುತ್ತಾರೆ. ಮರಣ ದಫ್ತರನ್ನು ತೆರೆಯುವವರು ಕಡಿಮೆ. ಸ್ವೀಡನ್ನಿನ ಮಟ್ಟಿಗಂತೂ ಇದು ಅಪಾಯಕಾರಿ. ಅಲ್ಲಿ ಒಂದು ಮಗು ತೀರಿಕೊಂಡರೆ, ಮುಂದೆ ಹುಟ್ಟಿದ ಮಗುವಿಗೆ ಅದೇ ಹೆಸರಿಡುವ ರೂಢಿಯಿತ್ತು. ಒಂದೇ ಮನೆಯಲ್ಲಿ ಇಬ್ಬರು ಕರಿನ್ ಸಿಕ್ಕಿದರೆ, ಮೊದಲನೆಯವಳು ತೊಟ್ಟಿಲಲ್ಲೇ ಕಣ್ಮುಚ್ಚಿದಳೆಂದು ತಿಳಿಸುವುದು ಮರಣ ದಫ್ತರು. ಅದನ್ನು ನೋಡದಿದ್ದರೆ ಆ ಹಸುಗೂಸೇ ಯಾರದೋ ಮುತ್ತಜ್ಜಿಯಾಗಿ ವಂಶವೃಕ್ಷದಲ್ಲಿ ಕುಳಿತುಬಿಡುತ್ತದೆ.

ಸ್ವೀಡನ್ನಿನ ಲೂಥೆರನ್ ಚರ್ಚಿನ ಗುರುಗಳು ಜನನ, ವಿವಾಹ, ಮರಣಗಳನ್ನು ಬರೆದಿಡಬೇಕೆಂದು 1686ರ ಚರ್ಚ್ ಕಾನೂನು ವಿಧಿಸಿತು. ದೇಶದ ಜನರ ನೋಂದಣಿ 1991ರ ಮಧ್ಯದವರೆಗೂ ಚರ್ಚಿನ ಕೈಯಲ್ಲೇ ಇತ್ತು. ಬಳಿಕ ತೆರಿಗೆ ಇಲಾಖೆಗೆ ಹೋಯಿತು. ಕಥೋಲಿಕರಾದ ನಮಗೂ ಇದು ಅಪರಿಚಿತವಲ್ಲ. 1614ರ ರೋಮನ್ ವಿಧಿ ಪುಸ್ತಕವು ಮರಣದ ದಫ್ತರನ್ನೂ ಧರ್ಮಕೇಂದ್ರದ ಕುಟುಂಬಗಳ ಪಟ್ಟಿಯನ್ನೂ ಇಡಲು ಹೇಳಿತ್ತು. ಇಂದಿನ ಧರ್ಮಸಭಾ ಕಾನೂನಿನ 535ನೇ ಕಲಮು ಕೂಡ ಮರಣ ದಫ್ತರನ್ನು ಕೇಳುತ್ತದೆ.

ಈಗ ಪುಟ ತೆರೆಯೋಣ. ಮೊದಲ ತೊಡಕು ಲಿಪಿಯದು. ಹಳೆಯ ಪುಟಗಳು ಗೋಥಿಕ್ ಕೈಬರಹದಲ್ಲಿವೆ. ಒಂದೇ ಗುರುಗಳ ನಾಲ್ಕಾರು ಪುಟಗಳನ್ನು ಸಾವಧಾನವಾಗಿ ನೋಡಿ, ಗೊತ್ತಿರುವ ಹೆಸರುಗಳಿಂದ ಅವರ ಅಕ್ಷರಗಳನ್ನು ಗುರುತಿಸಿಕೊಳ್ಳುವುದೇ ಒಳ್ಳೆಯ ದಾರಿ. ತಿಂಗಳುಗಳಲ್ಲಿ ಎಚ್ಚರ ಬೇಕು. '8ಬ್ರಿಸ್' ಎಂದಿದ್ದರೆ ಅದು ಆಗಸ್ಟ್ ಅಲ್ಲ, ಅಕ್ಟೋಬರ್. ಲ್ಯಾಟಿನಿನಲ್ಲಿ 'ಅಕ್ಟೋ' ಎಂದರೆ ಎಂಟು. ಅದೇ ರೀತಿ 7 ಸೆಪ್ಟೆಂಬರ್, 9 ನವೆಂಬರ್, 10 ಡಿಸೆಂಬರ್. 1753ರಲ್ಲಿ ಫೆಬ್ರವರಿ 17ರ ಮರುದಿನವೇ ಮಾರ್ಚ್ 1 ಬಂತು, ಏಕೆಂದರೆ ಆ ವರ್ಷ ಸ್ವೀಡನ್ ಗ್ರೆಗರಿಯನ್ ಪಂಚಾಂಗಕ್ಕೆ ಬದಲಾಯಿತು. 1712ರಲ್ಲಂತೂ ಅಲ್ಲಿ ಫೆಬ್ರವರಿ 30 ಇತ್ತು! ಅಂಥ ದಿನಾಂಕ ಕಂಡರೆ ಗುರುಗಳು ತಪ್ಪು ಬರೆದರೆಂದು ತೀರ್ಮಾನಿಸಬೇಡಿ.

ವಯಸ್ಸನ್ನು ಹಲವೆಡೆ ವರ್ಷ, ತಿಂಗಳು, ದಿನಗಳಲ್ಲಿ ಕೊಟ್ಟಿರುತ್ತಾರೆ. ಹಿಂದಕ್ಕೆ ಎಣಿಸಿದರೆ ಹುಟ್ಟಿದ ದಿನದ ಸುಳಿವು ಸಿಗುತ್ತದೆ. ಆದರೆ '61ನೇ ವರ್ಷದಲ್ಲಿ' ಎಂದಿದ್ದರೆ ತುಂಬಿದ್ದು 60 ಮಾತ್ರ.

ಹೆಂಗಸರ ವಿಷಯದಲ್ಲಿ ಹೆಚ್ಚು ತಾಳ್ಮೆ ಬೇಕು. ಆಂಡರ್ಸನ ಮಗ 'ಆಂಡರ್ಸನ್', ಮಗಳು 'ಆಂಡರ್ಸ್‌ಡೊಟ್ಟರ್'. ಮದುವೆಯಾದ ಮೇಲೂ ಹಳ್ಳಿಯ ಹೆಣ್ಣಿಗೆ ತಂದೆಯ ಹೆಸರೇ ಉಳಿಯುತ್ತಿತ್ತು. ಹೀಗಿದ್ದೂ ಹಲವು ಮರಣ ದಾಖಲೆಗಳಲ್ಲಿ 'ರೈತ ಪೇರ್ ಆಂಡರ್ಸನನ ಹೆಂಡತಿ' ಎಂದಷ್ಟೇ ಇರುತ್ತದೆ. ಹೆತ್ತು, ಹೊತ್ತು, ದುಡಿದು ಸತ್ತವಳ ಸ್ವಂತ ಹೆಸರೇ ಇಲ್ಲ. ಅವಳ ಹೆಸರಿಗಾಗಿ ಗುರುಗಳು ಮನೆಮನೆಯವರ ಧರ್ಮಜ್ಞಾನವನ್ನು ಪರೀಕ್ಷಿಸಿ ಬರೆದಿಡುತ್ತಿದ್ದ ಮನೆ-ಪರೀಕ್ಷೆಯ ಪುಸ್ತಕಕ್ಕೆ ಹೋಗಬೇಕು. ಈ ಒಂದು ಶ್ರಮವನ್ನು ಯಾರೂ ಬಿಡಬಾರದೆಂದು ನಮ್ಮ ಕಳಕಳಿಯ ವಿನಂತಿ.

ಸಾವಿನ ಕಾರಣವನ್ನು ಬರೆಯುವ ಕ್ರಮ 1749ರಲ್ಲಿ ಜನಸಂಖ್ಯಾ ಅಂಕಿಅಂಶದ ವ್ಯವಸ್ಥೆ ಆರಂಭವಾದ ಬಳಿಕ ಬಲವಾಯಿತು. 'ಕೊಪ್ಪೊರ್' ಎಂದರೆ ಸಿಡುಬು, 'ಲುಂಗ್‌ಸೂಟ್' ಕ್ಷಯ, 'ರೋಡ್‌ಸೂಟ್' ರಕ್ತಭೇದಿ. 'ಸ್ಲಾಗ್' ಎಂದರೆ ಪೆಟ್ಟು, ಅಂದರೆ ಪಾರ್ಶ್ವವಾಯು. ಆದರೆ ಹಸುಗೂಸುಗಳ ಹೆಸರಿನ ಮುಂದೆಯೂ ಇದೇ ಪದ ಕಾಣುತ್ತದೆ. ಬರೆದವರು ವೈದ್ಯರಲ್ಲ, ಮನೆಯವರು ಹೇಳಿದ್ದನ್ನು ಕೇಳಿದ ಗುರುಗಳು. ಆದ್ದರಿಂದ ಇವನ್ನು ಇಂದಿನ ರೋಗನಿರ್ಣಯದಂತೆ ಓದುವುದು ಸಲ್ಲದು. ಒಂದೇ ವಾರದಲ್ಲಿ ಒಂದೇ ಮನೆಯ ಮೂರು ಮಕ್ಕಳ ಮುಂದೆ 'ಕೊಪ್ಪೊರ್' ಇದ್ದರೆ ಮಾತ್ರ ಸಂಶಯಕ್ಕೆ ಎಡೆಯಿಲ್ಲ. 1816ರಲ್ಲಿ ಲಸಿಕೆ ಕಡ್ಡಾಯವಾದ ಮೇಲೆ ಆ ಪದ ವಿರಳವಾಗುತ್ತ ಬರುತ್ತದೆ.

ಅಮೆರಿಕಕ್ಕೆ ವಲಸೆ ಹೋದ 12 ಲಕ್ಷಕ್ಕೂ ಹೆಚ್ಚು ಸ್ವೀಡಿಷ್ ಜನರ ಸಂತತಿಯವರು ಇಂದು ಈ ಪುಟಗಳನ್ನು ಮನೆಯಲ್ಲೇ ಕುಳಿತು ತಿರುವುತ್ತಾರೆ. ಸ್ವೀಡನ್ನಿನ ರಾಷ್ಟ್ರೀಯ ಪತ್ರಾಗಾರ 2018ರಿಂದ ಅವುಗಳ ಪ್ರತಿಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ನೀಡುತ್ತಿದೆ. ಮನೆ-ಪರೀಕ್ಷೆಯ ಪುಸ್ತಕದಲ್ಲಿ ಹೆಸರಿನ ಎದುರು ಶಿಲುಬೆಯ ಗುರುತೂ ದಿನಾಂಕವೂ ಇದ್ದರೆ ಅದನ್ನೇ ಹಿಡಿದು ಮರಣ ದಫ್ತರಿಗೆ ಹೋಗಬಹುದು. ಗುರುತಿಲ್ಲದೆ ಹೆಸರು ಹೊಡೆದುಹಾಕಿದ್ದರೆ ವ್ಯಕ್ತಿ ಬೇರೆ ಧರ್ಮಕೇಂದ್ರಕ್ಕೆ ಹೋಗಿರಬಹುದು. ಆಗ ಊರುಬಿಟ್ಟವರ ಪಟ್ಟಿಯನ್ನು ನೋಡಬೇಕು.