ಒಂಬತ್ತಿಂಚಿನ ಗೋಡೆ ಆರು ಮೀಟರ್ ದಪ್ಪ ಆಗಿದ್ದು

ಕ್ಲೈಂಟ್ ಕಳಿಸಿದ ಆಟೋಕ್ಯಾಡ್ ಡ್ರಾಯಿಂಗನ್ನು ನಮ್ಮ ಟೆಂಪ್ಲೇಟಿಗೆ ತಂದು ಹಾಕಿದರೆ ಸಾಕು, ಅದು ತಾನಾಗಿ ನಮ್ಮ ಆಫೀಸಿನ ಶಿಸ್ತಿಗೆ ಬಂದುಬಿಡುತ್ತದೆ ಎಂದು ನಂಬಿದವರು ಬಹಳ ಜನ. ಟೆಂಪ್ಲೇಟಿನ ಕೆಲಸ ಹೊಸ ಫೈಲ್ ಹುಟ್ಟುವ ಗಳಿಗೆಗೇ ಮುಗಿಯುತ್ತದೆ. ಲೇಯರು, ಅಕ್ಷರದ ಸ್ಟೈಲು, ಟೈಟಲ್ ಬ್ಲಾಕು ಕೊಟ್ಟು ಅದು ಕೈತೊಳೆದುಕೊಳ್ಳುತ್ತದೆ. ಆಮೇಲೆ ಒಳಗೆ ಬಂದದ್ದನ್ನು ತಿದ್ದುವ ಗೋಜಿಗೆ ಹೋಗುವುದಿಲ್ಲ.

ಅಳತೆಯದನ್ನೇ ನೋಡಿ. ‘ಯೂನಿಟ್ಸ್’ನಲ್ಲಿ ಮಿಲಿಮೀಟರ್ ಆರಿಸಿದರೆ ಡ್ರಾಯಿಂಗೇ ಮಿಲಿಮೀಟರಿಗೆ ಬದಲಾಗುತ್ತದೆ ಅನ್ನುತ್ತಾರೆ. ಬದಲಾಗುವುದು ಫೈಲಿನ ಹಣೆಪಟ್ಟಿ ಅಷ್ಟೇ. ಗೆರೆಯ ಉದ್ದ ಇದ್ದಷ್ಟೇ ಇರುತ್ತದೆ. ಎಷ್ಟೋ ಜನ ಇಂಚಿನ ಹಣೆಪಟ್ಟಿಯ ಫೈಲಿನಲ್ಲಿ ಮಿಲಿಮೀಟರ್ ಲೆಕ್ಕದಲ್ಲೇ ಬರೆದಿರುತ್ತಾರೆ. ಅದನ್ನು ನಮ್ಮ ಮಿಲಿಮೀಟರ್ ಟೆಂಪ್ಲೇಟಿಗೆ ಇನ್ಸರ್ಟ್ ಮಾಡಿದರೆ ತಂತ್ರಾಂಶ ಹಣೆಪಟ್ಟಿ ನಂಬಿ ಎಲ್ಲವನ್ನೂ 25.4ರಿಂದ ಗುಣಿಸುತ್ತದೆ. 230ರ ಗೋಡೆ, ಅಂದರೆ ನಮ್ಮ ಒಂಬತ್ತಿಂಚಿನ ಗೋಡೆ, 5842 ಆಗುತ್ತದೆ. ಬೆಂಗಳೂರಿನ 30-40 ಸೈಟಿನ ಅಗಲವೇ 9144 ಎಂಬುದು ನೆನಪಿರಲಿ! ತಂದ ಕೂಡಲೇ ಒಂದು ಬಾಗಿಲು, ಒಂದು ಗೋಡೆ ಅಳೆದು ನೋಡುವುದು ನನ್ನ ಅಭ್ಯಾಸ.

ಇದಾದರೂ ಕಣ್ಣಿಗೆ ಹೊಡೆಯುವ ತಪ್ಪು. ಕಾಣದೆ ಕಾಡುವುದು ಹೆಸರಿನದು. ಅವರ ‘ಡೋರ್’ ಬ್ಲಾಕ್ 1000ದ ಮುಂಬಾಗಿಲು, ನಮ್ಮ ಟೆಂಪ್ಲೇಟಿನ ‘ಡೋರ್’ 750ರ ಬಚ್ಚಲ ಬಾಗಿಲು ಅಂದುಕೊಳ್ಳಿ. ಪೇಸ್ಟ್ ಮಾಡಿದರೆ ನಮ್ಮ ಟೆಂಪ್ಲೇಟಿನದ್ದೇ ಗೆಲ್ಲುತ್ತದೆ: ಮುಂಬಾಗಿಲಿನ ಜಾಗದಲ್ಲಿ ಬಚ್ಚಲ ಬಾಗಿಲು ಬಂದು ಕೂರುತ್ತದೆ. ಕಮಾಂಡ್ ಲೈನಿನಲ್ಲಿ ‘ಡೂಪ್ಲಿಕೇಟ್ ಡೆಫಿನಿಷನ್’ ಎಂಬ ಒಂದು ಸಾಲು ಓಡಿಹೋಗುತ್ತದೆ, ಅದನ್ನು ಓದುವವರು ಯಾರು? ಲೇಯರಿನ ಬಣ್ಣ, ಅಕ್ಷರದ ಸ್ಟೈಲಿನ ಕತೆಯೂ ಇದೇ. ಅವರ ಫೈಲನ್ನು ಬೇರೆಯಾಗಿ ತೆರೆದು ಬ್ಲಾಕುಗಳಿಗೆ ಹೆಸರು ಬದಲಿಸಿ ತರಬೇಕು. ಇಲ್ಲವೇ ಎಕ್ಸ್‌ರೆಫ್ ಆಗಿ ಜೋಡಿಸಬೇಕು. ಎಕ್ಸ್‌ರೆಫ್‌ನಲ್ಲಿ ಪ್ರತಿ ಹೆಸರಿನ ಆರಂಭದಲ್ಲೂ ಫೈಲಿನ ಹೆಸರು ಅಂಟಿಕೊಳ್ಳುವುದರಿಂದ ಜಗಳವಿಲ್ಲ. ಬೈಂಡ್ ಮಾಡುವಾಗ ‘ಇನ್ಸರ್ಟ್’ ಆಯ್ಕೆ ಒತ್ತಿದಿರೋ, ಆ ಹೆಸರು ಕಳಚಿ ಜಗಳ ಮತ್ತೆ ಶುರು.

ಎಲ್ಲವನ್ನೂ ಎಕ್ಸ್‌ಪ್ಲೋಡ್ ಮಾಡಿದರೆ ಫೈಲ್ ‘ಕ್ಲೀನ್’ ಆಗುತ್ತದಂತೆ. ನಾನೂ ಹೊಸತರಲ್ಲಿ ಒಮ್ಮೆ ಮಾಡಿದ್ದೆ. ಡಿ1, ಡಿ2 ಎಂದಿದ್ದ ಬಾಗಿಲುಗಳೆಲ್ಲ ಬರೀ ‘ಟ್ಯಾಗ್’ ಎಂದು ತೋರಿಸತೊಡಗಿದವು, ಹ್ಯಾಚು ಸಾವಿರ ಚೂರಾಯಿತು, ಡೈಮೆನ್ಷನ್ ಸತ್ತ ಗೆರೆಯಾಯಿತು. ಸ್ವಚ್ಛ ಮಾಡಲು ಪರ್ಜ್, ಆಡಿಟ್ ಇವೆ. ಅವರ ಲೇಯರುಗಳನ್ನು ನಮ್ಮವಕ್ಕೆ ಹೊಂದಿಸಲು ಲೇಟ್ರಾನ್ಸ್ ಇದೆ.

ಇನ್ನು ಸರ್ವೇಯರ್ ಕೊಟ್ಟ ಫೈಲು. ಎಲ್ಲೋ ದೂರ ಬಿದ್ದಿದೆಯೆಂದು ಸೊನ್ನೆಗೆ ಎಳೆದು ತರುವವರಿದ್ದಾರೆ. ಯುಟಿಎಂ ಲೆಕ್ಕದಲ್ಲಿ ಬೆಂಗಳೂರಿನ ಸೈಟು ಕೂರುವುದೇ ಪೂರ್ವಕ್ಕೆ ಸುಮಾರು 7,80,000, ಉತ್ತರಕ್ಕೆ ಸುಮಾರು 14,35,000 ಮೀಟರಿನಲ್ಲಿ. ಸರಿಸಿಬಿಟ್ಟರೆ, ಮುಂದಿನ ವಾರ ರಸ್ತೆಯ ಲೆವೆಲ್ ಫೈಲು ಬಂದಾಗ ಸೈಟು ಒಂದು ಕಡೆ, ರಸ್ತೆ ಇನ್ನೊಂದು ಕಡೆ.