ಅಳಿದದ್ದೋ, ಹುಡುಕದ್ದೋ?

ಸೆಶೆಲ್ಸ್‌ನ ಅಲ್ಡಾಬ್ರಾ ಹವಳದ್ವೀಪದಲ್ಲಷ್ಟೇ ಇರುವ ಪಟ್ಟೆ ಬಸವನಹುಳು 1997ರ ನಂತರ ವರ್ಷಗಟ್ಟಲೆ ಯಾರಿಗೂ ಜೀವಂತ ಸಿಗಲಿಲ್ಲ. ಹಿಂದೆ ಸಂಗ್ರಹಿಸಿದ ಮಾದರಿಗಳ ದಾಖಲೆ ಆಧರಿಸಿ, ಮಳೆ ಕಡಿಮೆಯಾಗಿ ಅದು ಅಳಿದೇಹೋಯಿತೆಂದು 2007ರಲ್ಲಿ ಪ್ರಕಟವಾಯಿತು. 2014ರ ಆಗಸ್ಟ್‌ನಲ್ಲಿ ಅಲ್ಡಾಬ್ರಾದ್ದೇ ಮಲಬಾರ್ ದ್ವೀಪದ ದಟ್ಟ ಪೊದೆಯಲ್ಲಿ ಜೀವಂತ ಸಿಕ್ಕಿತು! ಸಂಗ್ರಹಾಲಯದ ಮಾದರಿಯ ಚೀಟಿಯಲ್ಲಿ ಅದು ಸಿಕ್ಕ ಜಾಗ, ದಿನಾಂಕ ಇರುತ್ತವೆ. ಹುಡುಕಿಯೂ ಸಿಗದ ಜಾಗ, ಯಾರೂ ಕಾಲಿಡದ ಜಾಗ ಇರುವುದಿಲ್ಲ. ಚೂಪುಗಲ್ಲು, ಪೊದೆಗಳ ಅಲ್ಡಾಬ್ರಾದಲ್ಲಿ ಕಾಲಿಡುವುದೇ ಕಷ್ಟ.

ಹಾಗಾದರೆ ಸಂಗ್ರಹಿಸಿಟ್ಟ ಆ ಹುಳುವಿನ ಚಿಪ್ಪುಗಳು ನಿರುಪಯುಕ್ತವೇ? ಖಂಡಿತ ಅಲ್ಲ. ಹುಳು ಹಿಂದೆ ಎಲ್ಲೆಲ್ಲಿತ್ತು ಎನ್ನುವುದಕ್ಕೆ ಅವೇ ಸಾಕ್ಷಿ. ಸಂಖ್ಯೆ ಕುಸಿದಿದೆಯೆಂಬ ಎಚ್ಚರಿಕೆಯನ್ನೂ ತಳ್ಳಿಹಾಕಲಾಗದು. ಒಂದು ಜೀವಿಯೇ ಇಲ್ಲವೆನ್ನಲು ಮಾತ್ರ ಅಷ್ಟು ಸಾಲದು: ಎಲ್ಲಿ, ಎಷ್ಟು ಹೊತ್ತು, ಯಾವ ಕಾಲದಲ್ಲಿ ಹುಡುಕಿದರು ಎಂಬುದು, ಬರಿಗೈಯಲ್ಲಿ ಮರಳಿದ ದಿನದ್ದೂ, ದಾಖಲೆಯಲ್ಲಿರಬೇಕು.