ಎಲೆಯಾಟವೂ ಬೆಳ್ಳಿತೆರೆಯೂ

ನಂಜನಗೂಡಿನ ಶ್ರೀಕಂಠೇಶ್ವರಸ್ವಾಮಿಯ ದೇವಾಲಯದಲ್ಲಿ ಪ್ರದಕ್ಷಿಣೆ ಬರುವ ಭಕ್ತರು, ಮುಮ್ಮಡಿ ಕೃಷ್ಣರಾಜ ಒಡೆಯರೂ ಅವರ ರಾಣಿಯರೂ ಕೈಮುಗಿದು ನಿಂತಿರುವ ಭಕ್ತವಿಗ್ರಹಗಳ ಮುಂದೆ ಅರೆಗಳಿಗೆ ನಿಲ್ಲುವುದುಂಟು. ಆದರೆ ಹೀಗೆ ವಿನಯವೇ ಮೂರ್ತಿವೆತ್ತಂತೆ ನಿಂತಿರುವ ಈ ಪ್ರಭುಗಳೇ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯೆಂಬ ಭಾಗದಲ್ಲಿ ಹದಿಮೂರು ಬಗೆಯ ಎಲೆಯಾಟಗಳನ್ನು, 36 ಎಲೆಗಳ ಕಿರಿಯ ಕಟ್ಟಿನಿಂದ ತೊಡಗಿ 360 ಎಲೆಗಳ ಮಹಾಕಟ್ಟಿನವರೆಗೆ, ಚಿತ್ರವಿವರಗಳೊಡನೆ ನಿರೂಪಿಸಿಟ್ಟವರೆಂಬ ಸಂಗತಿ ಅವರಲ್ಲಿ ಎಷ್ಟು ಮಂದಿಗೆ ನೆನಪಿಗೆ ಬಂದೀತು? ದೇವತೆಗಳೂ ಗ್ರಹಗಳೂ ಪಾಂಡವರೂ ಎಲೆಯೆಲೆಯಲ್ಲಿ ನೆಲೆಸಿರುವ ಈ ಕ್ರೀಡಾಸಂಪತ್ತನ್ನು ಚಲನಚಿತ್ರವಾಗಿಸಿದರೆ ಹೇಗೆ ಎಂಬ ಆಸೆ ಯಾರಿಗಾದರೂ ಮೂಡಬಹುದು. ಮೂಡಿದರೆ, ಅಂಥವರು ಮೊದಲು ಜಪಾನಿನ ಅನುಭವವನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಕಜುಕಿ ತಕಾಹಾಷಿ ಎಂಬ ಚಿತ್ರಕಾರರು 1996ರಲ್ಲಿ ಅಲ್ಲಿಯ ವಾರಪತ್ರಿಕೆಯೊಂದರಲ್ಲಿ ‘ಯು-ಗಿ-ಓಹ್!’ ಎಂಬ ಚಿತ್ರಕಥೆಯನ್ನು ಆರಂಭಿಸಿದಾಗ ಅದರಲ್ಲಿ ನಾನಾ ವಿಧದ ಆಟಗಳಿದ್ದುವು. ಎಲೆಯಾಟವು ಅವುಗಳಲ್ಲಿ ಒಂದಾಗಿತ್ತು, ಅಷ್ಟೆ. ಓದುಗರು ಅದನ್ನೇ ಮೆಚ್ಚಿದರು, ಅದೇ ಉಳಿದ ಆಟಗಳನ್ನೆಲ್ಲ ನುಂಗಿತು. 2000ದಿಂದ 2004ರವರೆಗೆ ದೂರದರ್ಶನದಲ್ಲಿ 224 ಕಂತುಗಳಾಗಿ ಹರಿದ ಅದರ ಅನಿಮೇಷನ್ ಧಾರಾವಾಹಿಯಲ್ಲಿ ಒಂದೊಂದು ಪಂದ್ಯವು ಮೂರು ನಾಲ್ಕು ವಾರ ನಡೆದರೂ ಮಕ್ಕಳು ಬೇಸರಪಡಲಿಲ್ಲ. ಅದೇ ಕಥಾನಾಯಕನನ್ನು 2004ರಲ್ಲಿ ‘ಪಿರಮಿಡ್ ಆಫ್ ಲೈಟ್’ ಎಂಬ ಪೂರ್ಣಪ್ರಮಾಣದ ಚಿತ್ರಕ್ಕೆ ತಂದಾಗ ಅಮೆರಿಕದ ವಿಮರ್ಶಕರು ಬಹುಪಾಲು ಒಕ್ಕೊರಲಿನಿಂದ ಅದನ್ನು ತಿರಸ್ಕರಿಸಿದರು. ಚಿತ್ರಮಂದಿರದ ಬಾಗಿಲಲ್ಲಿ ಪ್ರೇಕ್ಷಕರ ಕೈಗೆ ಉಚಿತವಾಗಿ ಎಲೆಗಳನ್ನು ಹಂಚಿದ್ದುಂಟು. ಚಿತ್ರಕ್ಕಿಂತ ಎಲೆಯ ಆಸೆಗೆ ಬಂದ ಹುಡುಗರೇ ಹೆಚ್ಚಿರಬೇಕೆಂದು ನನ್ನ ಗುಮಾನಿ.

ವಾರವಾರವೂ ಜನವನ್ನು ಹಿಡಿದಿಟ್ಟ ವಸ್ತುವು ಒಂದೂವರೆ ಗಂಟೆಯಲ್ಲಿ ಸೊರಗಿದ್ದೇಕೆ? ಉತ್ತರಕ್ಕಾಗಿ ಟೋಕಿಯೋವರೆಗೆ ಹೋಗಬೇಕಾದುದಿಲ್ಲ, ಯುಗಾದಿಯ ಸಂಜೆ ನಮ್ಮ ಸೀಮೆಯ ಯಾವುದಾದರೂ ಹಳ್ಳಿಯ ಅರಳಿಕಟ್ಟೆಯ ಬಳಿ ಸುಳಿದಾಡಿದರೆ ಸಾಕು. ಅಂದರ್ ಬಾಹರ್ ಆಡುತ್ತಿದ್ದರೆ ದಾರಿಹೋಕನೂ ನಿಂತು ನೋಡಬಲ್ಲ: ನಡುವೆ ಒಂದು ಎಲೆ ಬಿಚ್ಚಿದೆ, ಒಳಗೊಂದು ಹೊರಗೊಂದು ಎಲೆ ಬೀಳುತ್ತ ಹೋಗುತ್ತದೆ, ಅದರ ಜೋಡಿ ಯಾವ ಕಡೆ ಬಿತ್ತೋ ಆ ಕಡೆಯವರು ಗೆದ್ದರು. ಆದರೆ ಇಪ್ಪತ್ತೆಂಟರ ಆಟ ಹಾಗಲ್ಲ. ಅಲ್ಲಿ ಗುಲಾಮನಿಗೆ ಮೂರು, ಒಂಬತ್ತಕ್ಕೆ ಎರಡು, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ರಾಜನಿಗೂ ರಾಣಿಗೂ ಬೆಲೆಯೇ ಇಲ್ಲ. ಗುಲಾಮನ ಮುಂದೆ ರಾಜನು ಸೋಲುವ ಈ ಸಂವಿಧಾನವನ್ನು ಅರಿಯದವನ ಕಣ್ಣಿಗೆ, ಯಾರೋ ಒಬ್ಬ ತುರುಪು ಬಿಚ್ಚಿ ತೊಡೆ ತಟ್ಟಿದರೆ, ಅದು ಕೇವಲ ಗದ್ದಲವಾಗಿ ತೋರುತ್ತದೆ. ‘ಯು-ಗಿ-ಓಹ್!’ ಕಥೆಯ ಆಟದಲ್ಲಾದರೋ ಎಲೆಗಳು ಸಾವಿರಾರು, ಬಹುಪಾಲು ಎಲೆಗಳಿಗೆ ತಮ್ಮದೇ ಆದ ಬೇರೊಂದು ವಿಧಿ. ಧಾರಾವಾಹಿಯು ಆ ವಿಧಿಗಳನ್ನು ವಾರಕ್ಕಿಷ್ಟರಂತೆ ನೋಡುಗನ ಮನಸ್ಸಿನಲ್ಲಿ ಇಳಿಸುತ್ತದೆ. ಸಿನಿಮಾ ಪಾಠ ಹೇಳಹೊರಟರೆ ಕಥೆ ನಿಲ್ಲುತ್ತದೆ, ಹೇಳದೆ ಹೋದರೆ ಕಥೆ ತಿಳಿಯುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದಿದೆ. ಇಸ್ಪೀಟಿನ ಸುತ್ತ ಬಗ್ಗಿ ನಿಂತವನು ಸಾಮಾನ್ಯವಾಗಿ ಒಬ್ಬನ ಬೆನ್ನ ಹಿಂದೆ ನಿಂತು ಅವನ ಎಲೆಗಳನ್ನು ಮಾತ್ರ ನೋಡುತ್ತಾನೆ. ಅವನು ಮೂರೆಲೆಗಳನ್ನು ಒಂದರ ಮೇಲೊಂದಿಟ್ಟುಕೊಂಡು, ಹೆಬ್ಬೆರಳಿನಿಂದ ಕೊನೆಯ ಎಲೆಯ ಅಂಚನ್ನು ಕೂದಲೆಳೆಯಷ್ಟೇ ಸರಿಸುತ್ತ, ಕೆಂಪೋ ಕಪ್ಪೋ ಎಂದು ಇಣುಕುವಾಗ, ನಿಂತವನ ಉಸಿರೂ ಅಲ್ಲಿಯೇ ಕಟ್ಟುತ್ತದೆ. ಒಂದು ಕೈ ತಿಳಿದಿದೆ, ಉಳಿದ ಕೈಗಳು ತಿಳಿದಿಲ್ಲ. ಸ್ವಾರಸ್ಯವೆಲ್ಲ ಆ ಅರ್ಧಜ್ಞಾನದಲ್ಲಿ. ಧಾರಾವಾಹಿಯು ಎಲೆ ಸರಿಯುವ ಆ ಗಳಿಗೆಯಲ್ಲಿ ಕಂತನ್ನು ಮುಗಿಸಿ, ಕಾತರವನ್ನು ಏಳು ದಿನ ಹಿಗ್ಗಿಸಬಲ್ಲದು. ಚಿತ್ರಕ್ಕೆ ಆ ಏಳು ದಿನಗಳ ಸೌಕರ್ಯವಿಲ್ಲದ್ದರಿಂದ ಎಲೆಯೊಳಗಿನ ರಾಕ್ಷಸರನ್ನು ಗಾತ್ರದಲ್ಲಿ ಹಿಗ್ಗಿಸಿ, ಬೆಂಕಿಯುಗುಳಿಸಿ, ಆಟವನ್ನೇ ಮರೆಸಿಬಿಡುತ್ತದೆ.

ನಮ್ಮ ವ್ಯಾಸರು ಈ ಇಕ್ಕಟ್ಟಿನಿಂದ ಪಾರಾದ ಬಗೆಯನ್ನು ನೋಡಬೇಕು. ಸಭಾಪರ್ವದ ದ್ಯೂತದಲ್ಲಿ ಮುತ್ತು, ರಥ, ಆನೆ, ಕುದುರೆ, ಕೊನೆಗೆ ನಕುಲ ಸಹದೇವರು, ಅರ್ಜುನ, ಭೀಮ, ತಾನು, ದ್ರೌಪದಿ ಎಂದು ಧರ್ಮರಾಯನು ಒಡ್ಡಿದ ಪಣಗಳ ಪಟ್ಟಿ ಸವಿಸ್ತಾರವಾಗಿದೆ. ದಾಳ ಎಷ್ಟು ಬಿತ್ತೆಂಬುದು ಮಾತ್ರ ಎಲ್ಲಿಯೂ ಇಲ್ಲ. ಪ್ರತಿಸಲವೂ ಶಕುನಿ ಗೆದ್ದನೆಂದು ಸಾರಿ ಕವಿ ಮುಂದುವರಿಯುತ್ತಾನೆ. ಆ ಆಟದ ನಿಯಮವೇನೆಂದು ಪಂಡಿತರು ಇಂದಿಗೂ ಚರ್ಚಿಸುತ್ತಿರುವರು, ಆದರೆ ಕೇಳುಗನಿಗೆ ಅದರ ಕೊರತೆ ಒಂದು ದಿನವೂ ಕಾಡಿದ್ದಿಲ್ಲ. ತಿರುಮಕೂಡಲು ನರಸೀಪುರದ ಸುತ್ತಣ ಹಳ್ಳಿಗಳಲ್ಲಿ ಊರವರೇ ಬಣ್ಣ ಹಚ್ಚಿ, ಹಾರ್ಮೋನಿಯಂ ಮೇಷ್ಟ್ರ ಕೈಕೆಳಗೆ ತಿಂಗಳುಗಟ್ಟಲೆ ಕಲಿತು, ಬೆಳಗಿನವರೆಗೆ ಆಡುವ ಪೌರಾಣಿಕ ನಾಟಕಗಳಲ್ಲಿಯೂ ಇದೇ ನ್ಯಾಯ ನಡೆಯುತ್ತದೆ. ಹಿಂದಿನ ಸಾಲಿನ ಚಾಪೆಯ ಮೇಲೆ ಕುಳಿತವನಿಗೆ ಪಗಡೆಯ ದಾಳ ಕಾಣುವುದೇ ಇಲ್ಲ. ಶಕುನಿಯ ನಗೆ ಕಾಣುತ್ತದೆ, ಧರ್ಮರಾಯನ ಕೈ ನಡುಗುವುದು ಕಾಣುತ್ತದೆ, ಅಷ್ಟು ಸಾಕಾಗುತ್ತದೆ. ಸತ್ಯಜಿತ್ ರಾಯ್ ಅವರ 1977ರ ‘ಶತರಂಜ್ ಕೆ ಖಿಲಾಡಿ’ಯಲ್ಲಿಯೂ ಚದುರಂಗದ ನಡೆಗಳು ನೆನಪಿನಲ್ಲಿ ನಿಲ್ಲುವುದಿಲ್ಲ, ಅವಧ ರಾಜ್ಯವೇ ಕೈಬಿಟ್ಟು ಹೋಗುತ್ತಿದ್ದರೂ ಕಾಯಿ ಸರಿಸುತ್ತ ಕುಳಿತ ಇಬ್ಬರು ಜಹಗೀರುದಾರರು ನಿಲ್ಲುತ್ತಾರೆ.

ಜಪಾನಿನಲ್ಲಿಯೇ ಎಲೆಯಾಟವೊಂದು ತೆರೆಯ ಮೇಲೆ ಗೆದ್ದ ಉದಾಹರಣೆಯೂ ಇದೆ. ಯುಕಿ ಸುಎತ್ಸುಗು ಅವರ ‘ಚಿಹಯಾಫುರು’ ಕಥೆಯನ್ನು ನಟನಟಿಯರನ್ನಿಟ್ಟು 2016ರಲ್ಲಿ ಎರಡು ಭಾಗಗಳಲ್ಲಿ ತೆಗೆದು, 2018ರಲ್ಲಿ ಮೂರನೆಯದನ್ನೂ ತಂದರು. ಅದರ ಆಟವು ಕರುತ. ನೂರು ಕವಿಗಳ ನೂರು ಪ್ರಾಚೀನ ಕವಿತೆಗಳನ್ನು ಒಬ್ಬರು ಓದುತ್ತಿರುವಂತೆ, ಉತ್ತರಾರ್ಧವಿರುವ ಎಲೆಯನ್ನು ಎದುರಾಳಿಗಿಂತ ಮೊದಲು ಬಡಿದು ಹಾರಿಸಬೇಕು, ಒಬ್ಬೊಬ್ಬರ ಮುಂದೆ 25 ಎಲೆ. ನಿಯಮ ಒಂದು ಮಾತಿನಲ್ಲಿ ಮುಗಿಯಿತು. ಕವಿತೆಗಳೋ ಅಲ್ಲಿಯವರಿಗೆ ಶಾಲೆಯ ದಿನಗಳಿಂದಲೂ ಪರಿಚಿತ. ಇದಕ್ಕೆ ಸರಿಜೋಡಿಯಾಗಿ, 2016ರಲ್ಲೇ ಬಂದ ‘ಯು-ಗಿ-ಓಹ್!’ ಚಿತ್ರಕ್ಕೆ ಸ್ವತಃ ತಕಾಹಾಷಿಯವರೇ ಕಥೆ ಬರೆದರು. ಹೊಸಬರಿಗೆ ಏನನ್ನೂ ವಿವರಿಸುವ ಗೋಜಿಗೆ ಹೋಗದೆ ಹಳೆಯ ಅಭಿಮಾನಿಗಳಿಗಾಗಿಯೇ ಮಾಡಿದ ಅದು ಮೊದಲಿನದಕ್ಕಿಂತ ಎಷ್ಟೋ ವಾಸಿ.

ಆದುದರಿಂದ ಮುಮ್ಮಡಿಯವರ ಎಲೆಗಳ ಮೇಲೆ ಕಣ್ಣಿಟ್ಟ ನಿರ್ಮಾಪಕರಿದ್ದರೆ ಅವರಲ್ಲಿ ನನ್ನ ಅರಿಕೆ ಇಷ್ಟೇ: 360 ಎಲೆಗಳ ಕಟ್ಟನ್ನು ಎರಡೂವರೆ ಗಂಟೆಯೊಳಕ್ಕೆ ತುರುಕಬೇಡಿ. ವಾರಕ್ಕೊಂದು ಕಂತಿನ ಧಾರಾವಾಹಿಯಾಗಿ, 36 ಎಲೆಗಳ ಚಿಕ್ಕ ಆಟದಿಂದ ಪ್ರಾರಂಭಿಸಿ, ನೋಡುವ ಮಕ್ಕಳ ಕೈಗೂ ಒಂದು ಕಟ್ಟು ಸೇರುವಂತೆ ಮಾಡಿ; ಸಿನಿಮಾದ ಮಾತನ್ನು ಅವರು ಆಡಲು ಕಲಿತ ಮೇಲೆ ಎತ್ತಿದರಾಯಿತು.